ನೇಗಿಲಿಲ್ಲದ ಯೋಗಿ: ಸಬ್ಸಿಡಿ ದರ್ಶನಕ್ಕೊಂದು ಕಿರುಭಾಷ್ಯ

ಕರ್ಮ ಮಾಡು, ಫಲ ಬಯಸಬೇಡ ಎಂಬುದು ನಮ್ಮ ಹಿರಿಯರ ಬೋಧೆ. ಕರ್ಮವನ್ನು ಕೈಬಿಟ್ಟು ಫಲವನ್ನಷ್ಟೇ ಕೈಗೆ ತಂದುಕೊಡುವ ಮಾರ್ಗ ಅಮೆರಿಕದಲ್ಲಿ ಸಿದ್ಧಿಸಿದೆ. ಟೆಕ್ಸಸ್ ರಾಜ್ಯದ ಭತ್ತದ ಸೀಮೆಯಾದ ವಾರ್ಟನ್ ಕೌಂಟಿಯನ್ನು ಪುಣ್ಯಕ್ಷೇತ್ರವಾಗಿಟ್ಟುಕೊಂಡು ಆ ದರ್ಶನದ ಮೂರು ಸೂತ್ರಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಸೂತ್ರ 1: ಭೂಮಿಗೆ ಪೂರ್ವಜನ್ಮವುಂಟು.

ಭಾಷ್ಯ: ಈ ಸತ್ಯ 1996ರ ಕೃಷಿ ಕಾಯ್ದೆಯಲ್ಲಿ ಹೊಳೆಯಿತು, 2002ರ ಕಾಯ್ದೆಯಲ್ಲಿ ‘ನೇರ ಪಾವತಿ’ಯಾಗಿ ಬೆಳೆಯಿತು. ಜಮೀನಿನಲ್ಲಿ ಈಗ ಏನಿದೆ ಎಂಬುದು ಗೌಣ, ಹಿಂದೆ ಏನಿತ್ತು ಎಂಬುದೇ ಪ್ರಮಾಣ. ಹೀಗೆ ಕೂಡಿಬಂದ ಸಂಚಿತ ಪುಣ್ಯಕ್ಕೆ ‘ಬೇಸ್ ಎಕರೆ’ ಎಂದು ಹೆಸರು. ಎಲ್ ಕ್ಯಾಂಪೊ ಊರಿನ ಸುತ್ತ ಹಳೆಯ ಗದ್ದೆ ಕೊಂಡು ಮನೆ ಕಟ್ಟಿಕೊಂಡವರಿಗೂ, ಹಿತ್ತಲಲ್ಲಿ ಬರೀ ಹುಲ್ಲಿದ್ದರೂ, ಭತ್ತದ ಹೆಸರಿನಲ್ಲಿ ಸರ್ಕಾರದ ಹಣ ಬರುತ್ತಿತ್ತು. ಏನೂ ಬೆಳೆಯದಿದ್ದರೆ ದೋಷವಿರಲಿಲ್ಲ. ಆ ಎಕರೆಗಳಲ್ಲಿ ತರಕಾರಿ ಬೆಳೆದರೆ ಮಾತ್ರ ವ್ರತಭಂಗವಾಗುತ್ತಿತ್ತು. 2000ದಿಂದೀಚೆಗೆ ಬೇಸಾಯವನ್ನೇ ಮಾಡದವರಿಗೆ ದೇಶದಾದ್ಯಂತ ಕನಿಷ್ಠ 130 ಕೋಟಿ ಡಾಲರ್ ಸಂದಿದೆ ಎಂದು 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಲೆಕ್ಕ ಹಾಕಿತು. ಪತ್ರಕರ್ತರು ಇದನ್ನು ಹಗರಣವೆಂದು ಬಗೆದದ್ದು ಕರ್ಮಸಿದ್ಧಾಂತದ ಅಜ್ಞಾನದಿಂದ.

ಸೂತ್ರ 2: ಆತ್ಮಕ್ಕೆ ನಾಶವಿಲ್ಲ, ಅದರ ಚೆಕ್ಕಿಗೂ ಇಲ್ಲ.

ಭಾಷ್ಯ: 1999ರಿಂದ 2005ರವರೆಗೆ 1,72,801 ಮೃತರ ಹೆಸರಿನಲ್ಲಿ 110 ಕೋಟಿ ಡಾಲರ್ ಕೃಷಿ ನೆರವು ಹೋಗಿದೆ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು 2007ರಲ್ಲಿ ತಿಳಿಸಿದರು. ಮೃತರ ಎಸ್ಟೇಟಿಗೆ ಒಂದಷ್ಟು ಕಾಲ ಹಣ ಸಲ್ಲುವುದು ನಿಯಮಬದ್ಧವೇ. ಆದರೆ ಇದರಲ್ಲಿ ಸುಮಾರು ಶೇ. 40ರಷ್ಟು ಮೊತ್ತ, ತೀರಿಕೊಂಡು ಮೂರು ವರ್ಷ ದಾಟಿದವರ ಹೆಸರಿಗೆ ಹೋಗಿತ್ತು. ನಮ್ಮಲ್ಲಿ ಪಿಂಡ ಇಡುವವರು ಮಕ್ಕಳು, ಅಲ್ಲಿ ಖಜಾನೆ. ಅಲ್ಲಿನ ಕಾಗೆಗಳಿಗೆ ಬ್ಯಾಂಕ್ ಖಾತೆ ಇರುವುದಷ್ಟೇ ವ್ಯತ್ಯಾಸ.

ಸೂತ್ರ 3: ಬಳಗ ಬೆಳೆದಂತೆ ಮಿತಿ ಕರಗುತ್ತದೆ.

ಭಾಷ್ಯ: 2014ರ ಕಾಯ್ದೆ ಕೃಷಿ ನೆರವಿಗೆ ತಲೆಗೆ ವರ್ಷಕ್ಕೆ 1,25,000 ಡಾಲರ್ ಎಂದು ಕಟ್ಟು ಹಾಕಿತು. ತಲೆಗಳೆಷ್ಟು ಎಂಬುದು ಬೇರೆ ಮಾತು. 2018ರ ಕಾಯ್ದೆ ಅಣ್ಣ-ತಮ್ಮಂದಿರ ಮಕ್ಕಳನ್ನೂ, ಚಿಕ್ಕಪ್ಪ-ಸೋದರಮಾವಂದಿರ ಮಕ್ಕಳನ್ನೂ ಒಕ್ಕಲುತನದ ಕುಟುಂಬಕ್ಕೆ ಸೇರಿಸಿಕೊಂಡಿತು. ಕೆಸರಿಗೆ ಇಳಿಯಲೇಬೇಕೆಂದಿಲ್ಲ, ‘ನಿರ್ವಹಣೆ’ ಮಾಡಿದರೂ ಕೃಷಿಕರೇ. ಅಮೆರಿಕದಲ್ಲಿ ಅವಿಭಕ್ತ ಕುಟುಂಬವಿಲ್ಲ ಎಂದು ಬರೆಯುವ ಸಮಾಜಶಾಸ್ತ್ರಜ್ಞರು ಕೃಷಿ ಕಚೇರಿಯ ಕಡತ ಬಿಚ್ಚಿ ನೋಡಿದಂತಿಲ್ಲ.

ಪೂರ್ವಪಕ್ಷ: ‘ಉಳುವವನೇ ಹೊಲದೊಡೆಯ’ ಎಂದು ಕೂಗಿ ಬೆಳೆದ ಕನ್ನಡಿಗರು ಕೇಳಬಹುದು: ಹಾಗಾದರೆ ಅಲ್ಲಿ ಉಳುವವನ ಗತಿಯೇನು?

ಉತ್ತರ: ಟೆಕ್ಸಸ್‌ನಲ್ಲಿ ಭತ್ತ ಬೆಳೆಯುತ್ತಿದ್ದವರಲ್ಲಿ ಅನೇಕರು ಗೇಣಿದಾರರು. ಬೆಳೆ ಇಡದಿದ್ದರೂ ಹಣ ಬರುತ್ತದೆಂದು ತಿಳಿದ ಮೇಲೆ ಕೆಲವು ಒಡೆಯರು ಗೇಣಿ ಬಿಡಿಸಿಕೊಂಡರು. ಗದ್ದೆ ಬೀಳುಬಿತ್ತು, ಪಾವತಿ ಬೀಳಲಿಲ್ಲ.

ಸಿದ್ಧಾಂತ: 2014ರಲ್ಲಿ ನೇರ ಪಾವತಿ ನಿಂತಿತು. ಬೇಸ್ ಎಕರೆ ಮಾತ್ರ ಚಿರಂಜೀವಿ. ಬೆಲೆ ಅಥವಾ ಆದಾಯ ಕುಸಿದಾಗ ಕೈಹಿಡಿಯುವ ಹೊಸ ಯೋಜನೆಗಳ ಲೆಕ್ಕವೂ ಅದರ ಮೇಲೆಯೇ ನಿಂತಿದೆ. ಮನೆ ಕಟ್ಟಿದವನಿಗೆ, ಹುಲ್ಲು ಬಿಟ್ಟವನಿಗೆ, ಸತ್ತವನಿಗೆ ಎಲ್ಲರಿಗೂ ಈ ದರ್ಶನ ಒಂದೊಂದು ಕಾಲದಲ್ಲಿ ದಾರಿ ತೋರಿಸಿತು. ಪರರ ಗದ್ದೆಯಲ್ಲಿ ಭತ್ತ ಬೆಳೆಯುವ ಚಟ ಬಿಡದವನಿಗೆ ಮಾತ್ರ ಇಲ್ಲಿ ಮೋಕ್ಷವಿಲ್ಲ.