ರಾಂಗ್ ನಂಬರ್ ವೀರರು

ಎಂಬತ್ತರ ದಶಕದ ಬೆಂಗಳೂರಿನಲ್ಲಿ ಹೈಸ್ಕೂಲು ಹುಡುಗರು ಅತ್ಯಂತ ಶ್ರದ್ಧೆಯಿಂದ ಓದಿದ ಗ್ರಂಥವನ್ನು ಯಾವ ಸಾಹಿತಿಯೂ ಬರೆಯಲಿಲ್ಲ. ಅದನ್ನು ದೂರಸಂಪರ್ಕ ಇಲಾಖೆಯೇ ಅಚ್ಚು ಹಾಕಿಸಿ ಗ್ರಾಹಕರ ಮನೆಮನೆಗೂ ಪುಕ್ಕಟೆ ಹಂಚುತ್ತಿತ್ತು. ಅದೇ ಟೆಲಿಫೋನ್ ಡೈರೆಕ್ಟರಿ. ಯಜಮಾನರ ಹೆಸರು, ಮನೆಯ ವಿಳಾಸ, ಆರಂಕಿಯ ನಂಬರು, ಎಲ್ಲವೂ ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟದ್ದು. ಪರೀಕ್ಷೆಗೆ ಒಂದು ಪುಟ ಓದದ ಹುಡುಗ ಇದರಲ್ಲಿ ಮಲ್ಲೇಶ್ವರದಿಂದ ಜಯನಗರದವರೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಓದುತ್ತಿದ್ದ.

ಶಾಲೆ ಬಿಟ್ಟ ಮೇಲೆ, ಅಪ್ಪ ಆಫೀಸಿನಿಂದ ಬರುವುದಕ್ಕೆ ಮುಂಚೆ ಪ್ರಯೋಗ ಶುರು. ನಿಯಮಗಳು ಸರಳ. ಗಂಡಸಿನ ದನಿ ಬಂದರೆ ಫೋನ್ ಇಟ್ಟುಬಿಡುವುದು. ಹೆಂಗಸಿನ ದನಿ ಬಂದರೆ, 'ಶ್ರೀಧರ್ ಇದಾನಾ ಆಂಟಿ? ಇಲ್ವಾ? ಸಾರಿ, ರಾಂಗ್ ನಂಬರ್.' ತಮ್ಮ ವಯಸ್ಸಿನ ಹುಡುಗಿಯ ದನಿ ಬಂದರೆ? ಅದಕ್ಕೇ ತಾನೇ ಇಷ್ಟೆಲ್ಲ ಸಿದ್ಧತೆ! ಆದರೆ ಆರು ಅಂಕಿ ತಿರುಗಿಸುವ ತನಕ ಇದ್ದ ಶೌರ್ಯ 'ಹಲೋ' ಕೇಳಿದ್ದೇ ತಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಉಸಿರಷ್ಟೇ ಆ ಕಡೆ ತಲುಪುತ್ತಿತ್ತು. ಇದಕ್ಕೆ ಬ್ಲ್ಯಾಂಕ್ ಕಾಲ್ ಎಂದು ಹೆಸರು. ಈಗ ಇವರೆಲ್ಲ ಇದನ್ನು 'ನಮ್ಮ ಕಾಲದ ಮುಗ್ಧ ಪ್ರೇಮ' ಎನ್ನುತ್ತಾರೆ.

ಅಪ್ಪಂದಿರು ಸುಮ್ಮನಿರಲಿಲ್ಲ. ಡಯಲಿನ ತೂತಿಗೆ ಪುಟ್ಟ ಬೀಗ ಜಡಿದು ಕೀಲಿಯನ್ನು ಜನಿವಾರಕ್ಕೋ ಜೇಬಿಗೋ ಸೇರಿಸುತ್ತಿದ್ದರು. ಹುಡುಗರು ಬೀಗಕ್ಕೆ ಬಗ್ಗಲಿಲ್ಲ. ಡಯಲ್ ತಿರುಗಿಸಿದಾಗ ಆಗುವುದಿಷ್ಟೆ, ಅಂಕಿ ಎಷ್ಟೋ ಅಷ್ಟು ಸಲ ಲೈನು ಕಡಿದು ಕೂಡುತ್ತದೆ. ರಿಸೀವರ್ ಇಡುವ ಕಡೆಯ ಗುಂಡಿಯನ್ನು ಐದು ಸಲ ಟಕಟಕ ಒತ್ತಿದರೆ ಐದು, ಹತ್ತು ಸಲ ಒತ್ತಿದರೆ ಸೊನ್ನೆ. ಭೌತಶಾಸ್ತ್ರದಲ್ಲಿ ಮೂವತ್ತೈದಕ್ಕೆ ಏದುಸಿರು ಬಿಡುತ್ತಿದ್ದವರೂ ಈ ಒಂದು ಪಾಠದಲ್ಲಿ ನೂರಕ್ಕೆ ನೂರು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಲೋಕಲ್ ಕಾಲುಗಳ ಮೊತ್ತವಿರುತ್ತಿತ್ತೇ ಹೊರತು ಯಾವ ನಂಬರಿಗೆ ಎಂಬ ವಿವರ ಇರುತ್ತಿರಲಿಲ್ಲ. ಅಪ್ಪ ಬಿಲ್ಲು ಹಿಡಿದು ಕೂಗಾಡುತ್ತಿದ್ದರು, ಕೊನೆಗೆ ಮೀಟರೇ ಸರಿಯಿಲ್ಲ ಎಂದು ಇಲಾಖೆಗೆ ದೂರು ಬರೆಯುತ್ತಿದ್ದರು. ಮಗನೇ ಅದನ್ನು ಪೋಸ್ಟ್ ಮಾಡಿ ಬರುತ್ತಿದ್ದ.

ಇನ್ನು ಆ ಕಡೆಯ ಮನೆ. ಒಂದೇ ವಾರದಲ್ಲಿ ಎರಡು ಮೂರು ಸಲ ಫೋನು ಬಂದು ಯಾರೂ ಮಾತಾಡದಿದ್ದರೆ ಅಲ್ಲಿ ನ್ಯಾಯಾಲಯ ಸೇರುತ್ತಿತ್ತು. 'ಅವನಿಗೆ ನಮ್ಮ ನಂಬರ್ ಕೊಟ್ಟಿದ್ದು ಯಾರು?' ಕೊಟ್ಟದ್ದು ಭಾರತ ಸರ್ಕಾರ. ಅದೂ ಪ್ರಶ್ನೆ ಕೇಳುತ್ತಿರುವ ಅಪ್ಪನ ಹೆಸರಿನಲ್ಲೇ, ಊರಿಗೆಲ್ಲ. ಆದರೆ ಕಟಕಟೆಯಲ್ಲಿ ನಿಂತವಳು ಮಗಳು. 'ನೀನು ನಗದೇ ಇದ್ರೆ ಅವನ್ಯಾಕೆ ಮತ್ತೆ ಮಾಡ್ತಾನೆ?' ಎನ್ನುವ ಅಜ್ಜಿಯ ವಾದವನ್ನು ಯಾವ ವಕೀಲರೂ ಮುರಿಯಲಾರರು. ತೀರ್ಪು: ಇನ್ನು ಮೇಲೆ ಫೋನ್ ಎತ್ತಕೂಡದು, ಸಂಜೆ ಟ್ಯೂಷನ್ನಿಗೆ ಅಣ್ಣ ಜೊತೆಗೆ ಬರತಕ್ಕದ್ದು. ಬೀಗ ಹುಡುಗನ ಮನೆಯಲ್ಲಿ ಡಯಲಿಗೆ ಬಿತ್ತು, ಹುಡುಗಿಯ ಮನೆಯಲ್ಲಿ ಹುಡುಗಿಗೇ ಬಿತ್ತು. ಗುಂಡಿ ಟಕಟಕ ಒತ್ತಿ ಬಿಡಿಸಿಕೊಳ್ಳಲು ಅವಳಿಗೆ ಅಂಥ ಗುಂಡಿ ಯಾವುದೂ ಇರಲಿಲ್ಲ.

ಹುಡುಗಿಯರೇನೂ ಕಮ್ಮಿಯಿರಲಿಲ್ಲ, ನಿಜ. ರಿಸೀವರಿಗೆ ಕರ್ಚೀಫು ಸುತ್ತಿ ಗೆಳತಿಯ ಮನೆಯಿಂದ ಲೆಕ್ಕದ ಮೇಷ್ಟರಿಗೆ 'ನಾವು ಟೆಲಿಫೋನ್ ಎಕ್ಸ್‌ಚೇಂಜಿಂದ, ಸ್ವಲ್ಪ ಹತ್ತರ ಮಗ್ಗಿ ಹೇಳಿ ಸಾರ್, ಲೈನ್ ಟೆಸ್ಟು' ಎಂದವರಿದ್ದಾರೆ. ಮೇಷ್ಟರು ಹೇಳಿದ್ದೂ ಇದೆ. ಮಳೆ ಬಂದು ಕೇಬಲ್ಲು ನೆನೆದು ಕ್ರಾಸ್ ಕನೆಕ್ಷನ್ ಆದಾಗ, ಯಾರೋ ಇಬ್ಬರ ಮಾತಿನ ನಡುವೆ ಮೂರನೆಯವರು ಸೇರಿ ಬಿಸಿಬೇಳೆಬಾತಿನ ಪುಡಿಯ ಅಳತೆ ತಿದ್ದಿ ಸ್ನೇಹ ಬೆಳೆಸಿದ್ದೂ ಉಂಟು. ಅಪರಿಚಿತರ ಜೊತೆ ಮಾತಿಗೆ ಅದಕ್ಕಿಂತ ಸಭ್ಯವಾದ ವೇದಿಕೆ ಆಮೇಲೆ ಬಂದಿಲ್ಲವೇನೋ.

'ನಮ್ಮ ತಲೆಮಾರು' ಎನ್ನುವಾಗ ಸ್ವಲ್ಪ ಎಚ್ಚರ. 1991ರಲ್ಲಿ ದೇಶದ 84 ಕೋಟಿ ಜನಕ್ಕೆ ಇದ್ದದ್ದು ಸುಮಾರು 50 ಲಕ್ಷ ಫೋನು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಉಳಿದವರ ಪಾಲಿಗೆ ಪಿ.ಪಿ. ನಂಬರು, ಅಂದರೆ ಕರೆ ಬಂದರೆ ಕೂಗಿ ಕರೆಯುವ ಪಕ್ಕದ ಮನೆಯವರ ಫೋನು. ಮಾಲೀಕರ ಮನೆಯ ಹಾಲಿನಲ್ಲಿ, ಏಳು ಜನರ ಎದುರು, 'ಹೂಂ... ಆಯ್ತು... ಹೇಳ್ತೀನಿ' ಎಂಬ ಮೂರು ಪದಗಳಲ್ಲಿ ಯಾವ ಮುಗ್ಧ ಪ್ರೇಮ ಸಾಗೀತು? ಈ ಪೋಲಿತನಕ್ಕೂ ಮನೆಯಲ್ಲೊಬ್ಬ ಡಾಕ್ಟರೋ ಆಫೀಸರೋ ಬೇಕಿತ್ತು.

ಈ ವೀರಯುಗದ ವಿರುದ್ಧ ಸಂಚು ಹೂಡಿದ್ದು ತಂತ್ರಜ್ಞಾನ. 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಮ್ಮ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜನ್ನು ಕೂಡಿಸಿದ್ದು ನಮ್ಮ ಕಿತ್ತೂರಿನಲ್ಲೇ. ಚೆನ್ನಮ್ಮನ ಊರಿಗೆ ಸಲ್ಲಬೇಕಾದ ಗೌರವವೇ. ಮುಂದೆ ಡಿಜಿಟಲ್ ಎಲ್ಲೆಡೆ ಹಬ್ಬಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಫೋನಿನ ಪಕ್ಕ ಕಾಲರ್ ಐಡಿ ಎಂಬ ಪುಟ್ಟ ಡಬ್ಬಿ ಕೂತಿತು. ನೀತಿಪಾಠದ ಪೀರಿಯಡ್ಡುಗಳು ಮಾಡಲಾರದ ಕೆಲಸವನ್ನು ಆ ಡಬ್ಬಿ ಮಾಡಿತು. ಶ್ರೀಧರ್ ಎಲ್ಲಿದ್ದಾನೆ ಎಂಬ ಚಿಂತೆ ಒಮ್ಮೆಲೇ ಯಾರಿಗೂ ಉಳಿಯಲಿಲ್ಲ.

ಈಗ ಅದೇ ವೀರರು ಮಗಳ ಇನ್‌ಸ್ಟಾಗ್ರಾಂ ನೋಡಿ ಬೆವರುತ್ತಾರೆ. 'ಗುರುತು ಪರಿಚಯ ಇಲ್ಲದವರ ಜೊತೆ ಏನಮ್ಮ ಮಾತು? ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂದು ಬುದ್ಧಿ ಹೇಳಿ, ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹೋಗಿ ಬ್ಲ್ಯಾಂಕ್ ಕಾಲ್ ನೆನಪುಗಳನ್ನು ಹಂಚುತ್ತಾರೆ. ನಗುವ ಎಮೋಜಿಗಳ ಮಳೆ. ಇಂಥದ್ದೊಂದು ಗುಂಪಿನಲ್ಲಿ ಮೊನ್ನೆ ಸಹಪಾಠಿಯೊಬ್ಬಳು ಕೇಳಿದಳಂತೆ: 'ಎಸ್ಸೆಸ್ಸೆಲ್ಸಿ ಪರೀಕ್ಷೆ ಟೈಮಲ್ಲಿ ನಮ್ಮನೆಗೆ ಮಾಡ್ತಿದ್ದೋರು ನಿಮ್ಮಲ್ಲಿ ಯಾರಪ್ಪಾ? ನಮ್ಮಪ್ಪ ನನ್ನನ್ನ ಕಾಲೇಜಿಗೆ ಕಳಿಸಲ್ಲ ಅಂತ ಕೂತಿದ್ರು.' ಎಲ್ಲರೂ ಓದಿದರು. ಅಡ್ಮಿನ್ ಕೂಡಲೇ ಸೂಚನೆ ಹೊರಡಿಸಿದರು: 'ದಯವಿಟ್ಟು ಗುಂಪಿನಲ್ಲಿ ವೈಯಕ್ತಿಕ ವಿಷಯ ಬೇಡ. ಮುಂದಿನ ತಿಂಗಳ ಗೆಟ್‌ಟುಗೆದರ್‌ಗೆ ತಲಾ ಎಂಟುನೂರು ರೂಪಾಯಿ ಇನ್ನೂ ಬಂದಿಲ್ಲ.'