ಮಾವಿಗೊಂದು ಥರ್ಟಿ-ಫಾರ್ಟಿ

ಗಿಡ ನೆಟ್ಟವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಗುಂಡಿ ತೋಡಿದವನಿಗೆ ಬರುವುದು ಬೆನ್ನುನೋವು ಮಾತ್ರ. ಜೂನ್ 5ರ ಪರಿಸರ ದಿನದಂದು ಒಂದೇ ಸಸಿಗೆ ಹತ್ತಾರು ಕೈ ಸೇರಿರುತ್ತವೆ. ಅದರ ಬುಡದ ಗುಂಡಿ ಮಾತ್ರ ಹಿಂದಿನ ಸಂಜೆ ಬೆಕ್ಕು ಕೆರೆದಷ್ಟೇ ಆಳ.

ನಮ್ಮದು ಶ್ರೀನಿವಾಸಪುರದ ಕಡೆಯ ಕೆಂಪು ನೆಲ. ಅಲ್ಲಿ ಮಾವಿನ ಗುಂಡಿ ಎಂದರೆ ಉದ್ದ, ಅಗಲ, ಆಳ ಎಲ್ಲವೂ 3 ಅಡಿ. ಗಿಡದಿಂದ ಗಿಡಕ್ಕೆ 10 ಮೀಟರ್ ಬಿಟ್ಟರೆ ಎಕರೆಗೆ 40 ಗುಂಡಿ. ಬೆಂಗಳೂರಿನಿಂದ ಬಂದಿದ್ದ ನನ್ನ ಭಾವಮೈದ ಮೊಬೈಲಿನಲ್ಲಿ ಗುಣಿಸಿ ನೋಡಿ ಬೆಚ್ಚಿದ. "ಭಾವ, ಒಂದೊಂದು ಗಿಡಕ್ಕೂ ಹೆಚ್ಚುಕಡಿಮೆ ಒಂದು ಥರ್ಟಿ-ಫಾರ್ಟಿ ಸೈಟ್ ಕೊಡ್ತಿದ್ದೀರಲ್ಲ!" ಅವನದಿನ್ನೂ ಬಾಡಿಗೆ ಮನೆ.

ಜೆಸಿಬಿಯವನು ಅರ್ಧ ದಿನದ ಕೆಲಸ ಎಂದ. ಗುದ್ದಲಿ ಹಿಡಿದು ಬಂದಿದ್ದ ತಾತ ಒಪ್ಪಲಿಲ್ಲ. "ಅದಕ್ಕೆ ಮೇಲ್ಮಣ್ಣು ಯಾವುದು, ಕೆಳಮಣ್ಣು ಯಾವುದು ಗೊತ್ತಾಯ್ತದಾ ಸಾಮಿ?" ಎಂದು ಮೊದಲ ಒಂದಡಿಯ ಮಣ್ಣನ್ನು ಎಡಕ್ಕೆ, ಉಳಿದದ್ದನ್ನು ಬಲಕ್ಕೆ ಗುಡ್ಡೆ ಹಾಕುತ್ತ ಹೋದ. ಎರಡು ಗುಡ್ಡೆಗಳ ನಡುವೆ ಯಾರಾದರೂ ಕಾಲಿಟ್ಟು ಬೆರೆಸಿದರೆ ಬೈಗುಳ ಉಚಿತ.

ತೋಡುವುದು ಕಷ್ಟವೇನಲ್ಲ, ಕೂಲಿ ಕೊಟ್ಟರೆ ಆಗುತ್ತದೆ. ಕಷ್ಟವೆಂದರೆ ಆಮೇಲೆ ಸುಮ್ಮನಿರುವುದು. ಬೇಸಿಗೆಯಲ್ಲಿ ತೋಡಿದ ಗುಂಡಿ ಮೂರ್ನಾಲ್ಕು ವಾರ ಬಿಸಿಲು ಕುಡಿಯಬೇಕು. ಗೆದ್ದಲು, ಗೊಣ್ಣೆಹುಳು ಒಣಗಿ ಸಾಯಬೇಕು, ಅಳಿದುಳಿದವನ್ನು ಗೊರವಂಕ ಹೆಕ್ಕಬೇಕು. ಆದರೆ ನಮ್ಮ ಜನಕ್ಕೆ ಖಾಲಿ ಗುಂಡಿ ಕಂಡರೆ ತಡೆಯದು. ಒಬ್ಬರು "ಪಾಯಾನಾ?" ಎಂದರು. ಇನ್ನೊಬ್ಬರು "ಇಂಗುಗುಂಡಿನಾ?" ಎಂದರು. ಮೂರನೆಯವರು ನೇರವಾಗಿ ವಿಷಯಕ್ಕೆ ಬಂದು, "ನರೇಗಾ ಬಿಲ್ ಆಯ್ತಾ?" ಎಂದು ದನಿ ತಗ್ಗಿಸಿದರು. ಬಿಸಿಲಿಗೆ ಬಿಟ್ಟಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ಹಪ್ಪಳ ಒಣಹಾಕುವ ಊರಿನಲ್ಲಿ ಗುಂಡಿ ಒಣಹಾಕುವುದು ಅನುಮಾನಾಸ್ಪದ! ಒಂದು ಗುಂಡಿಯನ್ನಂತೂ ಬೀದಿನಾಯಿ ಸಂಸಾರ ಸಮೇತ ವಶಪಡಿಸಿಕೊಂಡಿತು. ತೆರವು ಕಾರ್ಯಾಚರಣೆಗೆ ನನಗೆ ಧೈರ್ಯ ಬರಲಿಲ್ಲ.

ಗೊಬ್ಬರದ್ದು ಇನ್ನೊಂದು ಪರೀಕ್ಷೆ. ಅರ್ಧ ಕೊಳೆತ ಸಗಣಿ ಹಾಕಿದರೆ ಓಡಿಸಿದ ಗೆದ್ದಲಿಗೆ ಮತ್ತೆ ನಾವೇ ಎಲೆ ಹಾಕಿ ಬಡಿಸಿದಂತೆ. ತಾತ ತಿಪ್ಪೆಗೆ ಮೊಣಕೈವರೆಗೆ ಕೈ ತೂರಿಸಿ, ಬಿಸಿಯಿದ್ದರೆ ತಲೆ ಆಡಿಸಿ ಮುಂದಿನ ತಿಪ್ಪೆಗೆ ಹೋಗುತ್ತಿದ್ದ. ಕೊನೆಗೆ ತಣ್ಣಗಿದ್ದ, ಉದುರು ಉದುರಾದ, ವಾಸನೆಯೇ ಇಲ್ಲದ ಗೊಬ್ಬರ ಸಿಕ್ಕಿತು. ಅದಕ್ಕೆ ಬೇವಿನ ಹಿಂಡಿಯನ್ನೂ ಮೇಲ್ಮಣ್ಣನ್ನೂ ಬೆರೆಸಿ ತಳಕ್ಕೆ ತುಂಬಿ, ಕೆಳಮಣ್ಣನ್ನು ಮೇಲಕ್ಕೆ ಎಳೆದೆವು. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಅದೂ ಚುನಾವಣೆಯ ಖರ್ಚಿಲ್ಲದೆ.

ಮಳೆಗೆ ಮಣ್ಣು ಕುಸಿಯುತ್ತದೆಂದು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರ ತುಂಬಿಸಿದ್ದೆವು. ಸಾಲು ಸಾಲು ದಿಬ್ಬ ಕಂಡು ದಾರಿಹೋಕ ಅಜ್ಜಿಯೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದಳು. "ಎಲ್ಲಾ ಒಂದೇ ಮನೆಯವರಾ?" ಎಂದು ಲೊಚಗುಟ್ಟಿದಳು ಬೇರೆ.

ಮೃಗಶಿರ ಮಳೆ ಹಿಡಿದ ಮೇಲೆ ಬಾದಾಮಿ, ರಸಪುರಿ, ಮಲ್ಲಿಕಾ ನೆಟ್ಟೆವು. ಕಸಿಯ ಗಂಟು ಮಣ್ಣಿನಿಂದ ಮೇಲಕ್ಕಿರಬೇಕು ಎಂಬುದಷ್ಟೇ ಅಲ್ಲಿನ ಕಟ್ಟುನಿಟ್ಟು. ಉಳಿದದ್ದನ್ನೆಲ್ಲ ಗುಂಡಿ ನೋಡಿಕೊಳ್ಳುತ್ತದೆ.

ಭಾವಮೈದ ಮತ್ತೆ ಬಂದವನು ಮೊಣಕಾಲುದ್ದದ ಗಿಡಗಳನ್ನೂ ನಡುವಿನ ಬಯಲನ್ನೂ ನೋಡಿ ಸಂಕಟಪಟ್ಟ. "ಇಷ್ಟೊಂದು ಸೈಟು ಖಾಲಿ ಬಿಡಬಾರದು ಭಾವ. ಬಾಡಿಗೆಗಾದ್ರೂ ಕೊಡಿ."

"ನಿಮ್ಮಕ್ಕ ಆಗಲೇ ಕೊಟ್ಟಾಯ್ತು" ಎಂದೆ. "ಅವರೆಗೆ. ಬಾಡಿಗೆ ಸಂಕ್ರಾಂತಿ ಹೊತ್ತಿಗೆ ಬರುತ್ತೆ, ಒಂದು ಚೀಲ ತಗೊಂಡು ಬಾ."