ನಮ್ಮ ವಂಶಕ್ಕೇ ಆಗಲ್ಲ

ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುವುದಕ್ಕೂ ಬಿಡುವುದಿಲ್ಲ, ಮೊಮ್ಮಗನ ಜೊತೆ ಬಂದ ಅಜ್ಜಿಯ ಫರ್ಮಾನು ಹೊರಟೇಬಿಡುತ್ತದೆ: "ಪೆನಿಸಿಲಿನ್ ಮಾತ್ರ ಬರೀಬೇಡಿ ಸಾರ್, ನಮ್ಮ ವಂಶಕ್ಕೇ ಆಗಲ್ಲ!" ಕೆದಕಿ ಕೇಳಿದರೆ, ಆಗದೇ ಹೋದದ್ದು ಮಗುವಿನ ಸೋದರಮಾವನಿಗೆ. ಅವರಿಗೂ ಆದದ್ದು ಭೇದಿ. ಅದು ಆಂಟಿಬಯೋಟಿಕ್ಕಿನ ಮಾಮೂಲಿ ಕಾಟ, ಅಲರ್ಜಿಯಲ್ಲ. ಆದರೇನು, ಅಜ್ಜಿಯ ಅವಲಕ್ಕಿ ಸರದಂತೆ ಅಲರ್ಜಿಯೂ ಮೊಮ್ಮಗನ ಪಾಲಿಗೆ ಬಂತು.

ಮನೆಯಲ್ಲಿ ಒಬ್ಬರಿಗೆ ಪೆನಿಸಿಲಿನ್ ಒಗ್ಗಲಿಲ್ಲವೆಂದು ಮಗುವಿಗೂ ನಿಲ್ಲಿಸಬೇಕಿಲ್ಲ. ಹಾಗಂತ ಅಜ್ಜಿಯನ್ನು ಪೂರ್ತಿ ಅಲ್ಲಗಳೆಯುವಂತೆಯೂ ಇಲ್ಲ ನೋಡಿ. ಫಿಟ್ಸಿಗೆ ಕೊಡುವ ಕಾರ್ಬಮಾಜೆಪಿನ್ ಇದೆಯಲ್ಲ, ಎಚ್‌ಎಲ್‌ಎ-ಬಿ 15:02 ಎಂಬ ಜೀನು ಇದ್ದವರಿಗೆ ಅದರಿಂದ ಚರ್ಮವೇ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಕಾಯಿಲೆಯ ಅಪಾಯ ಹೆಚ್ಚು. ಅಲ್ಲಿ ವಂಶದ ಮಾತಿಗೆ ತೂಕವಿದೆ. ಆದರೆ ಅದನ್ನು ಅಜ್ಜಿ ಕೇಳಿಯೇ ಇಲ್ಲ!

ಇನ್ನೊಂದು ತಮಾಷೆ ಜ್ವರದ್ದು. ಪೆನಿಸಿಲಿನ್ ಬಳಗದ ಅಮಾಕ್ಸಿಸಿಲಿನ್ ಸಿರಪ್ ಶುರುವಾಗಿ ನಾಲ್ಕೈದು ದಿನಕ್ಕೆ ಮೈತುಂಬಾ ಕೆಂಪು ದದ್ದು. ಎಷ್ಟೋ ಸಲ ಎಬ್ಬಿಸಿದ್ದು ವೈರಸ್ಸು, ಬೈಸಿಕೊಂಡದ್ದು ಸಿರಪ್ಪು. ಎಪ್‌ಸ್ಟೀನ್-ಬಾರ್ ವೈರಸ್ ಇದ್ದರಂತೂ ಎರಡೂ ಸೇರಿಯೇ ಕಿತಾಪತಿ ಮಾಡುತ್ತವೆ. ಪೆನಿಸಿಲಿನ್ ಅಲರ್ಜಿಯ ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದರೆ ನೂರಕ್ಕೆ ಸುಮಾರು 90 ಮಂದಿಗೆ ಅದು ಒಗ್ಗುತ್ತದೆ.

ನಿಜಕ್ಕೂ ಹೆದರಬೇಕಾದದ್ದು ಮಾವನ ಭೇದಿಗಲ್ಲ, ಈ ಮಗುವಿನ ಹಳೆಯ ಕಥೆಗೆ. ಹಿಂದೆ ಅದೇ ಔಷಧಿ ಕೊಟ್ಟ ಗಂಟೆಯೊಳಗೆ ಗಂಧೆ ಎದ್ದಿತ್ತೇ, ತುಟಿ ಊದಿತ್ತೇ, ಉಸಿರು ಸುಯ್‌ಗುಟ್ಟಿತ್ತೇ? ಹಿಡಿತಕ್ಕೆ ಬಾರದ ಅಸ್ತಮಾ ಇದ್ದರೆ ರಿಯಾಕ್ಷನ್ನಿನ ಆರ್ಭಟ ಇನ್ನೂ ಜೋರು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟರೆ, ಅದರಲ್ಲೂ ಇಂಜೆಕ್ಷನ್ನಿನಲ್ಲಿ ಕೊಟ್ಟರೆ, ಮೈ ಮುನಿಸಿಕೊಳ್ಳುವ ಸಾಧ್ಯತೆ ಹೆಚ್ಚು. ನಾವೋ, ಸಾದಾ ನೆಗಡಿಗೂ ಫ್ರಿಜ್ಜಿನ ಬಾಗಿಲಲ್ಲಿ ಉಳಿದ ಬಾಟಲಿ ತಡಕುವವರು. ಗಂಧೆಗೆ ಕಂಬಳಿ ಉಜ್ಜುತ್ತಾ ಕೂರುವವರೂ ನಾವೇ. ತುಟಿ ಊದಿ ಉಸಿರು ಕಟ್ಟಿದಾಗ ಕಂಬಳಿಯ ಮಾತೆತ್ತಬೇಡಿ. ಬೇಕಾದದ್ದು ತೊಡೆಗೆ ಅಡ್ರಿನಲಿನ್, ಅದೂ ತಕ್ಷಣ.

ಇಷ್ಟೆಲ್ಲ ಆದ ಮೇಲೆ ಡಾಕ್ಟರು ಕೇಳಿದರು: "ಹೋದ ಸಲ ಮಗುವಿಗೆ ಆಗದೇ ಇದ್ದ ಔಷಧಿಯ ಹೆಸರೇನಮ್ಮಾ?"

"ಅದೇ ಸಾರ್, ಗುಲಾಬಿ ಬಣ್ಣದ್ದು, ಸಿಹಿಯಾಗಿತ್ತು."

"ಚೀಟಿ?"

"ಬಾಟಲಿ ಜೊತೆ ಕಸಕ್ಕೆ ಹಾಕಿಬಿಟ್ವಿ ಸಾರ್."